ಟ್ಯಾಂಕಿನ ಬಾಯಿಗೆ ಕಿವಿಯಿಟ್ಟವನು

ಶೀನಣ್ಣ ಯಾವ ಕಾರಿನ ಬಾನೆಟ್ಟನ್ನೂ ಮೊದಲು ಎತ್ತುತ್ತಿರಲಿಲ್ಲ. ಹಿಂದೆ ಹೋಗಿ ಪೆಟ್ರೋಲ್ ಹಾಕುವ ಮುಚ್ಚಳ ತೆಗೆದು, ಟ್ಯಾಂಕಿನ ಬಾಯಿಗೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿ, "ಹ್ವಾಯ್, ಕೀ ತಿರ್ಗ್ಸಿ. ಸ್ಟಾರ್ಟ್ ಮಾಡುದ್ ಬ್ಯಾಡ" ಎಂದು ಕೂಗುತ್ತಿದ್ದ. ಕೀ ತಿರುಗಿದ ಕ್ಷಣ ಟ್ಯಾಂಕಿನೊಳಗಿನ ಪಂಪು ಗುಂಯ್ ಎಂದು ಸಣ್ಣಗೆ ಹಾಡಿ ಸುಮ್ಮನಾಗುತ್ತದೆ. ಆ ಗುಂಯ್‌ನಲ್ಲೇ ಕಾರಿನ ಜಾತಕವೆಲ್ಲ ಇದೆ ಎಂಬುದು ಅವನ ವಾದ. ಎಡಗಿವಿಯೇ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಬಲ್ದ್ ಕೆಮಿ ಹೆಂಡ್ತಿಗ್ ಬಿಟ್ಟದ್" ಅಂದಿದ್ದ. ಅದನ್ನು ಅವನೇ ಹೇಳಿದ್ದೋ, ಅವನು ಹೇಳಬಹುದಾಗಿದ್ದ ಮಾತನ್ನು ನಾನೇ ಕಟ್ಟಿಕೊಂಡೆನೋ ಈಗ ಖಚಿತವಿಲ್ಲ. ನಾನು ಭೌತಶಾಸ್ತ್ರ ಕಲಿಸುವವನು. ನನ್ನ ನೆನಪಿಗಿಂತ ಮಲ್ಟಿಮೀಟರನ್ನು ಹೆಚ್ಚು ನಂಬುತ್ತೇನೆ.

ಕುಂದಾಪುರದ ಕೋಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವನ ಗ್ಯಾರೇಜು. ಮುಂಬೈಯಲ್ಲಿ ಟ್ಯಾಕ್ಸಿ ರಿಪೇರಿ ಮಾಡಿ ಬಂದವನಾದ್ದರಿಂದ ಬೈಗುಳವೆಲ್ಲ ಹಿಂದಿಯಲ್ಲಿ, ಹೊಗಳಿಕೆಯೆಲ್ಲ ಕುಂದಾಪ್ರ ಕನ್ನಡದಲ್ಲಿ. ಹೊಗಳಿಕೆ ಹೆಚ್ಚಾಗಿ ತನ್ನದೇ. "ಬೈಂದೂರಿಂದ ಬ್ರಹ್ಮಾವರದ ವರೆಗ್ ನನ್ನಂಥ ಕೆಮಿ ಇನ್ನೊಂದಿಲ್ಲೆ. ಗಾಡಿ ಸುಳ್ಳ್ ಹೇಳುದಿಲ್ಲೆ ಮಾಷ್ಟ್ರೆ, ಸುಳ್ಳ್ ಹೇಳುದೆಲ್ಲ ಓನರ್" ಎನ್ನುತ್ತಿದ್ದ. ತಪ್ಪಿದ್ದನ್ನು ಅವನು ಒಪ್ಪಿಕೊಂಡದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಇದನ್ನೆಲ್ಲ ನಾನು ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಸಂಜೆ ಅವನು ಕೈಯೊರೆಸಿಕೊಳ್ಳುತ್ತ ನಮ್ಮ ಜಗಲಿಗೆ ಬಂದು ಕೂತರೆ ಅಮ್ಮನಿಗೆ ಮಾತು ಬರುತ್ತಿತ್ತು. ನನ್ನ ಹತ್ತಿರ ಅವಳದ್ದು "ಹ್ಞೂ" ಮತ್ತು "ಉಣ್ತ್ಯಾ?" ಅಷ್ಟೇ. ಅವನ ಹತ್ತಿರ ಬಲೆ, ಬೆಲೆ, ಸತ್ತವರು, ಓಡಿಹೋದವರು, ಎಲ್ಲ. ಮೀನು ಮಾರಿ ನನ್ನನ್ನು ಎಂ.ಎಸ್ಸಿ. ಓದಿಸಿದವಳು ಅವಳು. ನನಗೆ ಬ್ರಹ್ಮಾವರದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಮೇಲೆ, ಮೊಣಕಾಲು ನೋವಲ್ಲವೇ ಎಂದು ಹೇಳಿ ಬುಟ್ಟಿ ಬಿಡಿಸಿದ್ದೆ. ಬಿಟ್ಟಳು. ಅದರ ಜತೆಗೆ ನನ್ನೊಂದಿಗೆ ಮಾತನ್ನೂ ಬಿಟ್ಟಳು ಎಂದು ನನಗೆ ಅನುಮಾನ.

ನಮ್ಮ ಕಾರು ಹಳೆಯದು. ಅದಕ್ಕೊಂದು ವಿಚಿತ್ರ ರೋಗ ಹಿಡಿಯಿತು. ಚೆನ್ನಾಗಿ ಓಡುತ್ತಿರುವಾಗಲೇ ಉಸಿರು ನಿಂತಂತೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಹೊರಡುತ್ತಿತ್ತು. ಒಂದು ಸಲ ಅಮ್ಮನನ್ನು ಸಾಲಿಗ್ರಾಮಕ್ಕೆ ಕರೆದೊಯ್ಯುವಾಗ ಹೆದ್ದಾರಿಯ ನಡುವೆ ನಿಂತು, ಹಿಂದಿನ ಬಸ್ಸಿನವನ ಬೈಗುಳ ತಿಂದೆವು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಮ್ಮೆಯೂ ನಿಲ್ಲುತ್ತಿರಲಿಲ್ಲ.

ಶೀನಣ್ಣ ಕಿವಿಯಿಟ್ಟು ಕೇಳಿ, "ಪಂಪ್ ಸಮಾ ಇತ್ತ್. ಕಾಯಿಲ್ ಹೋಯ್ತ್" ಎಂದ. ಇಂಜಿನ್ನಿಗೆ ಕಿಡಿ ಕೊಡುವ ಆ ಕಾಯಿಲ್ ಬದಲಾಯಿಸಿದರೂ ನಿಂತಿತು. "ಫಿಲ್ಟರ್" ಎಂದ. ಹೊಸ ಫಿಲ್ಟರ್ ಹಾಕಿಯೂ ನಿಂತಿತು. ನನಗೆ ಒಳಗೊಳಗೇ ಖುಷಿ. ಜಗಲಿಯಲ್ಲಿ, ಅಮ್ಮನ ಎದುರೇ, "ನಿಮ್ಮ ಕಿವಿಗೆ ಒಂದು ಹೊಸ ಫಿಲ್ಟರ್ ಹಾಕಬೇಕೇನೋ" ಎಂದೆ. ಅಕ್ಕಪಕ್ಕದವರು ನಕ್ಕರು. ಅವನು ಮಾತ್ರ, "ಆಯ್ಲಿ ಮಾಷ್ಟ್ರೆ, ವಯ್ಸಾಯ್ತಲೆ" ಎಂದು ತಲೆ ತಗ್ಗಿಸಿದ. ಅಮ್ಮ ನಗಲಿಲ್ಲ, ಎದ್ದು ಒಳಗೆ ಹೋದಳು.

ಈ ನಡುವೆ ಒಂದು ದಿನ ಪರೀಕ್ಷೆಯ ಕೆಲಸಕ್ಕೆಂದು ಬಸ್ಸಿನಲ್ಲಿ ಬೈಂದೂರಿಗೆ ಹೋಗುತ್ತಿದ್ದೆ. ಕಾರು ಶೀನಣ್ಣನ ಬಳಿ ಇತ್ತು. ಗಂಗೊಳ್ಳಿಯ ರಸ್ತೆ ಹೆದ್ದಾರಿಗೆ ಕೂಡುವ ಮುಳ್ಳಿಕಟ್ಟೆಯಲ್ಲಿ, ರಸ್ತೆ ಬದಿ ನನ್ನದೇ ಕಾರು ನಿಂತಿತ್ತು. ಸ್ಟಿಯರಿಂಗ್ ಹಿಂದೆ ಶೀನಣ್ಣ. ಅವನ ಪಕ್ಕ ಅಮ್ಮ, ತಲೆ ಹಿಂದಕ್ಕೆ ಹಾಕಿ, ಬಾಯ್ತುಂಬ ನಗುತ್ತಿದ್ದಳು. ಬಸ್ಸು ನಿಲ್ಲಲಿಲ್ಲ. ಹಾಗೆ ನಕ್ಕದ್ದನ್ನು ನಾನು ಮನೆಯಲ್ಲಿ ಕಂಡಿರಲೇ ಇಲ್ಲವಾದ್ದರಿಂದ, ಅದು ಅಮ್ಮನೇ ಹೌದೋ ಎಂಬ ಸಂಶಯ ಬೈಂದೂರು ತಲುಪುವವರೆಗೂ ಕಾಡಿತು.

ಸಂಜೆ ಶೀನಣ್ಣನನ್ನು ಹಿಡಿದೆ. "ಕಾರು ಗಂಗೊಳ್ಳಿ ಕಡೆ ಹೋಗಿತ್ತಾ?"

"ಟ್ರಯಲ್ಲಿಗ್ ಕೊಂಡ್ಹೋದ್ದ್."

"ಅಮ್ಮನೂ ಇದ್ದಳಾ?"

"ಅಕ್ಕನ್ನ ಎಂತಕ್ ಕೊಂಡ್ಹೋಪುದ್? ತೂಕಕ್ಕಾ?"

ನಾನು ಹೊಟ್ಟೆಕಿಚ್ಚನ್ನು ಪ್ರಯೋಗಕ್ಕೆ ಹಾಕಿದೆ. ಪಂಪಿಗೆ ಹೋಗುವ ತಂತಿ ಹಿಂದಿನ ಸೀಟಿನ ಅಡಿ ನುಗ್ಗುವ ಜಾಗದಲ್ಲಿ ಒಂದು ಪುಟ್ಟ ಬಲ್ಬು ಜೋಡಿಸಿ, ಕಾಣುವಂತೆ ಮುಂದಕ್ಕೆ ತಂದುಕೊಂಡೆ. ಕಾರು ನಿಂತಾಗ ಬಲ್ಬು ಆರಿದರೆ ದೋಷ ಮುಂದೆ ಇಂಜಿನ್ ಕಡೆ, ಉರಿಯುತ್ತಲೇ ಇದ್ದರೆ ಸೀಟಿನ ಅಡಿ. ಕೋಟದ ಹತ್ತಿರ ಕಾರು ನಿಂತಿತು. ಬಲ್ಬು ಉರಿಯುತ್ತಲೇ ಇತ್ತು. ನಾನು ಗೆದ್ದಿದ್ದೆ.

ಶೀನಣ್ಣನಿಗೆ ಹೇಳಿದರೆ ಅವನ ಮುಖ ಸಣ್ಣದಾಯಿತು. "ಸೀಟ್ ತೆಗುದ್ ಬ್ಯಾಡ ಮಾಷ್ಟ್ರೆ, ನಾನ್ ನಾಳೆ ಕಾಂತೆ." ಮರುದಿನವೂ ನಾಳೆ ಎಂದ. ಭಾನುವಾರ ನಾನೇ ಅಂಗಳದಲ್ಲಿ ಸೀಟು ಎತ್ತಿದೆ. ಪಂಪಿನ ತಂತಿಗಳು ಕೂಡುವಲ್ಲಿ ತಾಮ್ರ ಹಸಿರುಗಟ್ಟಿತ್ತು, ಸುತ್ತ ಬಿಳಿ ಉಪ್ಪು. ಮುಟ್ಟಿದರೆ ಅಲ್ಲಾಡುತ್ತಿತ್ತು. ಕುಲುಕಿದರೆ ಬಿಡುವ, ಆಮೇಲೆ ಹಿಡಿಯುವ ಕಳ್ಳ ಸಂಬಂಧ. ಶೀನಣ್ಣ ಓಣಿಯಿಂದ ಓಡಿಬಂದ.

"ಸಮುದ್ರದ್ ಗಾಳಿ ಕಾಣಿ! ಉಪ್ಪ್ ಗಾಳಿ!"

ಉಪ್ಪಿನ ನಡುವೆ ಹೊಳೆಯುವುದನ್ನು ಉಗುರಿನಿಂದ ಎಬ್ಬಿಸಿ ತೋರಿಸಿದೆ. "ಗಾಳಿಗೆ ಹುರುಪೆ ಇರುತ್ತದಾ ಶೀನಣ್ಣ?"

ಅದು ಮೀನಿನ ಹುರುಪೆ. ಕೋಡಿಯಲ್ಲಿ ಮೀನಿನ ವಾಸನೆ ಸುಳಿವಲ್ಲ, ಹವಾಮಾನ. ಹಾಗಾಗಿ ನನ್ನ ಮೂಗು ಏನನ್ನೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು: "ಅವ್ನಿಗ್ ಬೈಬೇಡ. ನಾನೇ ಹೇಳದ್ದ್."

ನಾನು ಬಸ್ಸು ಹತ್ತಿ ಕಾಲೇಜಿಗೆ ಹೋದ ದಿನಗಳಲ್ಲಿ ಇಬ್ಬರೂ ಗಂಗೊಳ್ಳಿಯ ಬಂದರಿಗೆ ಹೋಗುತ್ತಿದ್ದರು. ಅಮ್ಮ ಹರಾಜಿನಲ್ಲಿ ಬಂಗ್ಡೆ ಮೀನಿಗೆ ಬೆಲೆ ಕೂಗಿ, ಮಂಜುಗಡ್ಡೆ ಹಾಕಿದ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟು ತಂದು ಹಳೆಯ ಗಿರಾಕಿಗಳ ಮನೆಗೆ ಕೊಡುತ್ತಿದ್ದಳು. ಪೆಟ್ಟಿಗೆಯ ಉಪ್ಪುನೀರು ಸೀಟಿನಿಂದ ಇಳಿದು ತಂತಿ ತಿಂದಿತ್ತು.

"ಮೊದಲೇ ಗೊತ್ತಿತ್ತಾ?" ಶೀನಣ್ಣನನ್ನು ಕೇಳಿದೆ.

"ಕೆಮಿ ಇಟ್ಟ ದಿನ್ವೇ. ಪಂಪಿನ್ ಸ್ವರ ಬಿಕ್ಕಳಿಸ್ತಿತ್ತಲೆ. ಸೀಟ್ ಎತ್ತಿರೆ ನಿಮ್ಗ್ ಗೊತ್ತಾತಿತ್ತ್. ಅದ್ಕೆ ಕಾಯಿಲ್ ಅಂದೆ."

ಇದು ನಿಜವೋ, ಎರಡು ಸಲ ತಪ್ಪಿದವನು ಆಮೇಲೆ ಹೆಣೆದ ಬಡಾಯಿಯೋ, ಇವತ್ತಿಗೂ ತೀರ್ಮಾನಿಸಲಾರೆ. ಬಡಾಯಿ ಎಂದೇ ನಂಬಲು ಬಹಳ ಪ್ರಯತ್ನಪಟ್ಟೆ. ನಿಜವಾಗಿದ್ದರೆ, ಅಷ್ಟು ಜಂಬದ ಮನುಷ್ಯ ಓಣಿಯವರ ಎದುರು ತನ್ನ ಕಿವಿಯ ಮಾನವನ್ನೇ ಅಮ್ಮನ ಗುಟ್ಟಿಗಾಗಿ ಬಿಟ್ಟುಕೊಟ್ಟ ಎಂದಾಗುತ್ತದೆ. ಅಂಥದ್ದನ್ನು ಅವಳು ನನ್ನಿಂದ ಎಂದೂ ಕೇಳಿರಲಿಲ್ಲ. ನನಗೆ ಉರಿದದ್ದು ಅದಕ್ಕೆ.

ಅವನೇ ತಂತಿ ಕತ್ತರಿಸಿ, ಹೊಸದು ಬೆಸೆದು, ಮೇಲೆ ರಬ್ಬರ್ ಹೊದಿಸಿದ. ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬೈಯ ಮಗಳ ಮನೆಗೆ ಹೊರಟುಹೋದ. ರೈಲ್ವೆ ಸ್ಟೇಷನ್ನಿಗೆ ಬಿಟ್ಟವನು ನಾನೇ. ಇಳಿದವನು ಅಭ್ಯಾಸಬಲದಿಂದ ಟ್ಯಾಂಕಿಗೆ ಕಿವಿಯಿಟ್ಟು, "ಫಸ್ಟ್ ಕ್ಲಾಸ್. ಇನ್ನ್ ನನ್ನ ಹಂಗಿಲ್ಲೆ" ಎಂದ. ಅಮ್ಮನನ್ನು ನೋಡಿಕೊಳ್ಳಿ ಎಂದೂ ಹೇಳಿದನೇ? ಹೇಳಿದ್ದರೆ ನಾನು ಬೇಕೆಂದೇ ಮರೆತಿದ್ದೇನೆ. ಗ್ಯಾರೇಜಿನಲ್ಲಿ ಈಗ ಮೊಬೈಲ್ ಅಂಗಡಿ.

ಕಳೆದ ವಾರ ನಾನೇ ಅಮ್ಮನನ್ನು ಗಂಗೊಳ್ಳಿಗೆ ಕರೆದೊಯ್ದೆ. ಪೆಟ್ಟಿಗೆಯ ಅಡಿಗೆ ದಪ್ಪ ಟಾರ್ಪಾಲು ಹಾಸಿದ್ದೆ. ಅವಳು ಹರಾಜಿನಲ್ಲಿ ಗಂಟಲು ಹರಿಯುವಂತೆ ಕೂಗಿ, ಕಾರಿನಲ್ಲಿ ಕೂತೊಡನೆ ಮೌನವಾದಳು. ಕಾರು ಬೆಣ್ಣೆಯಂತೆ ಓಡಿತು.

"ಶೀನ ಇದ್ದಾಗ ಚಂದ ಇತ್ತ್," ಎಂದಳು ಕೊನೆಗೆ. "ಕಾರ್ ಅಲ್ಲಲ್ಲಿ ನಿಲ್ತಿತ್ತ್. ಅದ್ರ ಬಿಸಿ ಇಳಿವ ವರೆಗ್ ಕೂಕಂಡ್ ಮಾತಾಡುಕ್ ಆತಿತ್ತ್."

ಮುಳ್ಳಿಕಟ್ಟೆಯಲ್ಲಿ ನಾನು ಕಾರನ್ನು ಬದಿಗೆ ಇಳಿಸಿ ಇಂಜಿನ್ ಆರಿಸಿದೆ.

"ಎಂತ ಆಯ್ತ್?"

"ನಿಂತಿತು," ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು.

"ಶೀನ ಕೀ ತೆಗ್ದ್ ಕೈಯಂಗ್ ಹಿಡ್ಕಂತಿರ್ಲಿಲ್ಲೆ, ಮಗಾ."

ಎಂದವಳು ಕಿಟಕಿಯ ಗಾಜು ಇಳಿಸಿ, ಸೀಟಿಗೆ ಒರಗಿ, "ಆಯ್ಲಿ, ಬಿಸಿ ಇಳಿಲಿ" ಎಂದು ಮಾತು ಶುರುಮಾಡಿದಳು. ಶೀನಣ್ಣನದ್ದೇ.