ಬಾಲದ ನುಸಿ, ಗುಂಡು ನುಸಿ

ಇಪ್ಪತ್ತಾರು ವರ್ಷ ಒಂದೇ ಕಿಟಕಿಯ ಪಕ್ಕ ಕೂತು, ತಾನೇ ಇಳಿದು ತಂದ ಕೆರೆಕುಂಟೆಗಳ ನೀರಿನಲ್ಲಿ ಸಾಸಿವೆಗಿಂತ ಸಣ್ಣ ನುಸಿಗಳನ್ನು ಹುಡುಕಿ, ಸೂಜಿಯಿಂದ ಚುಚ್ಚಿ, ಒಳಗಿನದನ್ನು ತೆಗೆದು, ಕಾಲು ಮುರಿಯದ ಹಾಗೆ ಗಾಜಿನ ಪಟ್ಟಿಯ ಮೇಲೆ ಕೂರಿಸಿದವಳನ್ನು ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಲ್ಲರೂ ಕರೆಯುತ್ತಿದ್ದುದು ಸ್ಲೈಡಕ್ಕ ಎಂದು. ಎಂಟು ಕಾಲಿನಲ್ಲಿ ಒಂದು ಮುರಿದರೂ ಪ್ರೊಫೆಸರು ಇಡೀ ವರಾಂಡಕ್ಕೆ ಕೇಳುವಂತೆ ಕೂಗಾಡುತ್ತಿದ್ದರು. ಮುರಿಯದ ಸಾವಿರಾರು ಕಾಲುಗಳಿಗೆ ಒಂದು ಒಳ್ಳೆಯ ಮಾತೂ ಇರಲಿಲ್ಲ.

ಓದಿದ್ದು ಹತ್ತನೇ ತರಗತಿ. ಆದರೆ ನುಸಿಗಳನ್ನು ಬಾಟಲಿಯಲ್ಲಿ ಜೀವಂತ ಸಾಕಿದವಳು ಅವಳೊಬ್ಬಳೇ. ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲು. ಅದು ಏರೋಪ್ಲೇನ್ ಚಿಟ್ಟೆಯ ಮೈಗೆ ಕೆಂಪು ಮಣಿಯಂತೆ ಅಂಟಿಕೊಂಡು, ರಸ ಹೀರಿ, ಮತ್ತೆ ನೀರಿಗಿಳಿದು ಎಂಟು ಕಾಲಿನದಾಗುವುದನ್ನು ಅವಳು ಕಣ್ಣಾರೆ ನೋಡಿದ್ದಳು.

ಪ್ರೊಫೆಸರು ನೋಡುತ್ತಿದ್ದುದು ಸತ್ತವನ್ನು ಮಾತ್ರ. ಒಂದೇ ಕುಟುಂಬದ ನುಸಿಗಳಲ್ಲಿ ಬಾಲದಂಥ ಮೊನೆ ಇರುವುದು ಒಂದು ಪ್ರಭೇದ, ಗುಂಡಗಿರುವುದು ಇನ್ನೊಂದು ಎಂದು ಎರಡು ಹೆಸರಿಟ್ಟು ಅಚ್ಚು ಹಾಕಿಸಿಬಿಟ್ಟಿದ್ದರು. ಒಂದು ಬೆಳಿಗ್ಗೆ ಬಾಟಲಿಯಲ್ಲಿ ನೋಡಿದರೆ, ಬಾಲದ್ದರ ಬೆನ್ನಿಗೆ ಅಂಟಿಕೊಂಡು ಗುಂಡನೆಯದು ಸವಾರಿ ಹೊರಟಿದೆ! ಸ್ಲೈಡಕ್ಕ ಓಡಿದಳು.

"ಸಾರ್, ಎರಡೂ ಒಂದೇ. ಬಾಲ ಇರೋದು ಗಂಡು, ಗುಂಡಗಿರೋದು ಹೆಣ್ಣು. ಬಂದು ನೋಡಿ ಸಾರ್."

"ನೀನು ಗಾಜು ತೊಳಿ ತಾಯಿ. ಅದನ್ನೆಲ್ಲ ನಾನು ನೋಡ್ಕೋತೀನಿ."

ಅವಳು ಆ ಜೋಡಿಯನ್ನು ಬಿಡಿಸದೆ ಒಂದೇ ಗಾಜಿನ ಮೇಲೆ ಕೂರಿಸಿದಳು. ಪ್ರತಿ ಗಾಜಿಗೂ ಎರಡು ಚೀಟಿ: ಎಡಕ್ಕೆ ನುಸಿಯ ಹೆಸರು, ಬಲಕ್ಕೆ ಕೆರೆ, ತಾರೀಖು, 'ಹುಡುಕಿದವರು'. ಆ ಕೊನೆಯ ಸಾಲಿನಲ್ಲಿ ಅವಳು ಯಾವಾಗಲೂ ಪ್ರೊಫೆಸರ ಹೆಸರನ್ನೇ ಬರೆಯುತ್ತಿದ್ದಳು. ಒಂದು ದಿನವೂ ಕೆರೆಯಲ್ಲಿ ಕಾಲು ಒದ್ದೆ ಮಾಡಿಕೊಳ್ಳದವರ ಹೆಸರು! ಈ ಸಲ ಆ ಹೆಸರು ಬರೆಯಲಿಲ್ಲ. ಗಾಜನ್ನು ತನ್ನ ಡ್ರಾಯರಿನಲ್ಲಿಟ್ಟಳು.

ಒಂಬತ್ತು ವರ್ಷದ ಮೇಲೆ ಪ್ರೊಫೆಸರು ಹೊಸ ಲೇಖನ ಬರೆದರು. ಎರಡು ಪ್ರಭೇದ ಅಲ್ಲವಂತೆ, ಗಂಡು ಹೆಣ್ಣಂತೆ, ತಾವೇ ಕಂಡುಹಿಡಿದರಂತೆ. ನಾಚಿಕೆಯಾದರೂ ಬೇಡವೇ? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು. ಆ ಲೇಖನವನ್ನು ಪರಿಶೀಲಿಸಲು ಹೊರಗಿನಿಂದ ಬಂದ ತಜ್ಞೆ, ಜೋಡಿಯನ್ನು ತೋರಿಸಿ ಎಂದರು. ಪ್ರೊಫೆಸರ ಬಳಿ ಎಲ್ಲಿಂದ ಬರಬೇಕು?

"ಸ್ಲೈಡಕ್ಕಾ, ಅವತ್ತು ಏನೋ ಜೋಡಿ ಅಂದಿದ್ಯಲ್ಲ, ಇದ್ರೆ ತಗೊಂಡ್ಬಾ."

ಅಂದರೆ ಇಷ್ಟು ವರ್ಷವೂ ನೆನಪಿತ್ತು! ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಗಾಜನ್ನು ತಟ್ಟೆಯಲ್ಲಿಟ್ಟು ತಂದಳು.

ತಜ್ಞೆ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, ಬಲಗಡೆಯ ಚೀಟಿ ಓದಿದರು. "ಒಂಬತ್ತು ವರ್ಷದ ಹಿಂದಿನದು! ಹುಡುಕಿದವರು ಅಂತ ಇಲ್ಲೊಬ್ಬ ಹೆಂಗಸಿನ ಹೆಸರಿದೆಯಲ್ಲ, ಯಾರಿವರು?"

ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಗೊತ್ತಾಗ್ತಿಲ್ಲ ಮೇಡಂ. ಯಾರೋ ಹಳೇ ವಿದ್ಯಾರ್ಥಿನಿ ಇರ್ಬೇಕು."

ಅವರ ಪಕ್ಕದಲ್ಲೇ ನಿಂತಿದ್ದ ಸ್ಲೈಡಕ್ಕ ಖಾಲಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅದು ನನ್ನ ಹೆಸರು ಮೇಡಂ," ಎಂದಳು.