ಈಜಿಪ್ಟ್ ಅಂಕಲ್ ಇಟ್ಟುಹೋದ ಪಾತ್ರೆ

ನಾನು ಚಿಕ್ಕವನಿದ್ದಾಗ, ಆ ಕೊರೊನಾ ಕಾಲದಲ್ಲಿ, ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲದರ ಮೇಲೂ ಅನುಮಾನ, ಮಕ್ಕಳೇ. ಟೊಮೇಟೊವನ್ನೂ ಸೋಪು ಹಾಕಿ ತೊಳೆಯುತ್ತಿದ್ದೆವು! ಎಲ್ಲಕ್ಕಿಂತ ದೊಡ್ಡ ಅನುಮಾನ, ಒಂದೇ ಗೋಡೆಯಾಚೆಯ ಪಕ್ಕದ ಮನೆಯ ಈಜಿಪ್ಟ್ ಅಂಕಲ್ ಮೇಲೆ. ಎದೆಯ ತನಕ ಗಡ್ಡ, ಮಣಿಕಟ್ಟಿನ ಮೇಲೆ ಶಿಲುಬೆಯ ಹಚ್ಚೆ, ಮಾತು ಕಡಿಮೆ.

ಅಪ್ಪ, ಅಮ್ಮ ಇಬ್ಬರೂ ಜ್ವರ ಬಂದು ಮೇಲಿನ ರೂಮು ಸೇರಿದರು. ಅಕ್ಕನಿಗೆ ಮಾಡಲು ಬರುತ್ತಿದ್ದದ್ದು ನೂಡಲ್ಸ್ ಒಂದೇ, ಅದೂ ಮುಗಿಯಿತು. ಅಮ್ಮನಿಗೆ ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳ ಕೆಮ್ಮು ಕೇಳಿದರೆ ನನಗೆ ಅಳುವೇ ಬರುತ್ತಿತ್ತು.

ಒಂದು ಮಧ್ಯಾಹ್ನ ಅಂಕಲ್ ನಮ್ಮ ಬಾಗಿಲ ಮುಂದೆ ಮುಚ್ಚಿದ ಪಾತ್ರೆ ಇಟ್ಟುಹೋದರು. ಅಪ್ಪ ಮೇಲಿನಿಂದಲೇ ಕೂಗಿದರು, "ಮುಟ್ಬೇಡಿ! ಮೀಟ್ ಹಾಕಿದಾರೋ, ಎಗ್ ಹಾಕಿದಾರೋ! ಊಟ ಕೊಟ್ಟು ಕನ್ವರ್ಟ್ ಮಾಡೋ ಪ್ಲಾನ್ ಇದು. ಟ್ರ್ಯಾಶ್‌ಗೆ ಹಾಕು." ಅಕ್ಕ ಮೂಗು ಮುಚ್ಚಿಕೊಂಡು ಸುರಿದಳು. ಜೀರಿಗೆ, ಹುರಿದ ಈರುಳ್ಳಿಯ ಘಮಕ್ಕೆ ನನ್ನ ಹೊಟ್ಟೆ ಚುರುಗುಟ್ಟಿತು.

ಮಾರನೆಯ ದಿನ ಮತ್ತೊಂದು ಪಾತ್ರೆ ಬಂತು. ಇದರಲ್ಲಿ ಮೀಟ್ ಇದೆಯಾ ಎಂದು ಕಿಟಕಿಯಿಂದ ಕೇಳಿಯೇಬಿಟ್ಟೆ. ದೂರ ನಿಂತೇ ಅಂಕಲ್ ಹೇಳಿದರು: ಈಸ್ಟರ್‌ಗೆ ಮುಂಚೆ ಅವರಿಗೆ ಉಪವಾಸದ ಕಾಲ, ಮಾಂಸ, ಮೊಟ್ಟೆ ಹಾಗಿರಲಿ, ಹಾಲು, ತುಪ್ಪವನ್ನೂ ಮುಟ್ಟುವುದಿಲ್ಲ.

"ಅಯ್ಯೋ, ನಮಗಿಂತ ಮಡಿ ಕಣೋ ಇವರು!" ಎಂದಳು ಅಕ್ಕ.

ಹಾಗಾದರೆ ನಮಗೇಕೆ ಕೊಡುತ್ತೀರಿ ಎಂದೆ. ನಿಮ್ಮಮ್ಮನ ಕೆಮ್ಮು ನಮ್ಮನೆಗೂ ಕೇಳಿಸುತ್ತದೆ ಎಂದು ಅಂಕಲ್ ಒಂದು ಕಥೆ ಹೇಳಿದರು. ಬಹಳ ಹಿಂದೆ ಈಜಿಪ್ಟಿನಲ್ಲಿ ಒಬ್ಬ ತರುಣನನ್ನು ಸೈನ್ಯಕ್ಕೆಂದು ಎಳೆದೊಯ್ದು ಕೂಡಿಹಾಕಿದ್ದರಂತೆ. ಗುರುತೇ ಇಲ್ಲದ ಕ್ರೈಸ್ತರು ಬಂದು ಅವನಿಗೆ ಊಟ ಕೊಟ್ಟರಂತೆ. ಬಿಡುಗಡೆಯಾದ ಮೇಲೆ ಅವನೂ ಕ್ರೈಸ್ತನಾಗಿ, ಮರಳುಗಾಡಿನಲ್ಲಿ ತಪಸ್ಸು ಮಾಡಿ, ಒಬ್ಬೊಬ್ಬರೇ ಇದ್ದ ಸನ್ಯಾಸಿಗಳು ಒಟ್ಟಿಗೆ ಬಾಳಲಿ, ಒಟ್ಟಿಗೆ ಉಣ್ಣಲಿ ಎಂದು ಮಠ ಕಟ್ಟಿದನಂತೆ.

ನನ್ನ ಕಿವಿ ನೆಟ್ಟಗಾಯಿತು. ಅಪ್ಪ ಹೇಳಿದ್ದೇ ನಿಜ! ಊಟ ತಿಂದೇ ತಾನೆ ಅವನು ಕ್ರೈಸ್ತನಾದದ್ದು? ಹಾಗಾದರೆ ತಿಂದರೆ ನಾವೂ ಆಗಬೇಕಾ ಎಂದು ಕೇಳಿದೆ. ಅಂಕಲ್ ಗಡ್ಡ ಅಲ್ಲಾಡುವಂತೆ ನಕ್ಕರು. ಬೇಡ, ಪಾತ್ರೆ ತೊಳೆದು ಕೊಟ್ಟರೆ ಸಾಕು ಎಂದರು.

ಅಂದು ಅಮ್ಮ ಹೊಟ್ಟೆತುಂಬ ಉಂಡಳು. ನನಗೆ ಹೋದ ಜೀವ ಬಂದಂತಾಯಿತು. ಅಪ್ಪನೂ "ಸ್ವಲ್ಪ ಹಾಕು, ನೋಡೋಣ" ಎನ್ನುತ್ತಾ ತಳ ಕೆರೆದರು!

ಖಾಲಿ ಪಾತ್ರೆ ಹಿಂದಿರುಗಿಸಬಾರದಲ್ಲ, ಹುಷಾರಾದ ಮೇಲೆ ಅಮ್ಮ ಅದರ ತುಂಬ ಪುಳಿಯೋಗರೆ ಕಳಿಸಿದಳು. ಅಂಕಲ್ ಮುಚ್ಚಳ ತೆಗೆದು, ಹುಬ್ಬು ಗಂಟಿಕ್ಕಿ, ನನ್ನನ್ನೇ ದಿಟ್ಟಿಸಿದರು. "ಇದರಲ್ಲಿ ತುಪ್ಪ ಇಲ್ಲ ತಾನೆ?"

ನೀವೋ, ಪಕ್ಕದ ಮನೆಯ ಪಾತ್ರೆ ಕಂಡರೆ ಸಾಕು, ಯಾರದು, ಏನು ಎಂದು ಕೇಳದೆ ಕೈ ಹಾಕುತ್ತೀರಿ. ನೋಡಿದರೆ ನನಗೆ ಸಂತೋಷವೇ. ಆದರೆ ಪಾತ್ರೆ ತೊಳೆಯಲು ತಾತನೇ ಬೇಕು, ಅಲ್ಲವೇ? ಏಳಿ, ತೊಳೆಯಿರಿ. ಅಂಕಲ್ ನಮ್ಮಿಂದ ಕೇಳಿದ್ದು ಅದೊಂದನ್ನೇ.