ಬ್ಯಾಟರಿಗೂ ಒಂದು ಆರತಿ

ಆಯುಧಪೂಜೆಯ ಬೆಳಿಗ್ಗೆಯೇ ನನ್ನ ಹಳೇ ಸ್ಕೂಟರಿನ ಬ್ಯಾಟರಿ ಬಿರುಕು ಬಿಟ್ಟು ಆಸಿಡ್ ಸೋರತೊಡಗಿತು. ಕೈಗವಸು ತೊಟ್ಟು ಅದನ್ನು ಬಿಚ್ಚಿ, ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ನಿಲ್ಲಿಸಿ ಅಂಗಳದಲ್ಲಿಟ್ಟೆ. ಒಳಗಿಂದ ಅಡುಗೆ ಸೋಡ ತರುವಷ್ಟರಲ್ಲಿ ಅಮ್ಮ ಅದರ ಮೇಲೆ ಧಾರಾಳವಾಗಿ ಅರಿಶಿನ ಉದುರಿಸಿದ್ದಳು.

"ಮುಟ್ಬೇಡ ಅಂತ ಹೇಳಿರ್ಲಿಲ್ವಾ?" ಎಂದು ರೇಗಿದೆ.

"ಮುಟ್ಲಿಲ್ಲ ಕಣೋ, ಮೇಲಿಂದ ಉದುರಿಸ್ದೆ. ಹಬ್ಬದ ದಿನ ಅದೊಂದನ್ನ ಬುಟ್ಬುಡಕ್ಕಾಯ್ತದಾ?"

ನಾನು ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಟಬ್ಬಿನಲ್ಲಿ ಸೋರಿ ನಿಂತು ಅರಿಶಿನ ಬೆರೆತಿದ್ದ ಆಸಿಡ್ಡಿಗೆ ನಾಲ್ಕು ಚಮಚ ಸೋಡ ಹಾಕಿದೆ. ಬುಸುಬುಸು ನೊರೆ ಎದ್ದು ಅಡಗಿತು. "ಆಸಿಡ್ ಸತ್ತೋಯ್ತು" ಎಂದು ಘೋಷಿಸಿದೆ.

ಅಮ್ಮ ದೂರದಿಂದಲೇ ಇಣುಕಿದಳು. "ಇನ್ನೂ ಹಳದಿಯಾಗೇ ಅದಲ್ಲೋ. ಆರತಿ ನೀರು ಕೆಂಪಾಗೋಗಂಟ ಸುಣ್ಣ ಕದಡಲ್ವಾ? ಅಂಗೇ ಇದಕ್ಕೂ ಇನ್ನಷ್ಟು ಹಾಕು. ಕೆಂಪಾದ್ರೇನೇ ದೃಷ್ಟಿ ಹೋಗೋದು."

"ಇದು ಆರತಿ ಅಲ್ಲಮ್ಮ, ಆಸಿಡ್ಡು!"

ಅವಳ ಬಾಯಿ ಮುಚ್ಚಿಸಲೆಂದೇ ಉಳಿದ ಸೋಡವನ್ನೆಲ್ಲ ಸುರಿದೆ. ಸತ್ತಿದೆ ಎಂದು ನಾನು ಸಾರಿದ್ದ ಆಸಿಡ್ಡು ಮೊದಲಿಗಿಂತ ಜೋರಾಗಿ ಬುಸುಗುಟ್ಟಿತು. ನೊರೆ ಇಳಿದಾಗ ಟಬ್ಬಿನ ನೀರು ಕೆಂಪಗಿತ್ತು. ಆಮ್ಲ ಮುಗಿದು ಕ್ಷಾರ ಹೆಚ್ಚಾದರೆ ಅರಿಶಿನ ಕೆಂಪಾಗುತ್ತದೆಂದು ನಾನು ಪ್ರತಿ ಬ್ಯಾಚಿಗೂ ಗಂಟಲು ಹರಿದುಕೊಂಡು ಹೇಳುವವನು.

"ಇನ್ನೇನ್ ನೋಡ್ತಿದ್ದೀಯ, ನಿವಾಳಿಸು" ಎಂದಳು ಅಮ್ಮ.

ಕೈಗವಸಿನಲ್ಲೇ ಬ್ಯಾಟರಿ ಸಮೇತ ಟಬ್ಬನ್ನೆತ್ತಿ ಸ್ಕೂಟರಿಗೆ ಮೂರು ಸುತ್ತು ನಿವಾಳಿಸಿದೆ. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯವರು, "ಏನ್ ಸಾರ್ ಅದು?" ಎಂದರು.

"ಪ್ರಾಕ್ಟಿಕಲ್ ಕಣ್ರೀ" ಎಂದೆ.